‘ಇಜ್ಜಿ’ ಎನ್ನುತ್ತಿದ್ದ ಅಡುಗೆಮನೆ

ಮಂಗಳೂರಿನ ಹಳೆಯ ಬಂದರಿನಿಂದ ಕೂಗಳತೆಯ ದೂರದಲ್ಲಿ, ಉಪ್ಪುಗಾಳಿಗೆ ಕಪ್ಪೇರಿದ ಹಂಚಿನ ಮಾಡಿನ ಕೆಳಗೆ, ಆರೇ ಆರು ಮೇಜುಗಳನ್ನು ಇರಿಸಿಕೊಂಡು ಒಂದು ಕುಟುಂಬವು ನಾಲ್ಕು ದಶಕಗಳ ಕಾಲ ನಡೆಸಿಕೊಂಡು ಬಂದಿದ್ದ ಮೀನೂಟದ ಮನೆಯು ಕಳೆದ ಮೇ ತಿಂಗಳ ಕೊನೆಯ ದಿನ ಬಾಗಿಲು ಮುಚ್ಚಿತು. ಅದಕ್ಕೊಂದು ಹೆಸರೂ ಹೆಸರಿನ ಹಲಗೆಯೂ ಇದ್ದಿತಾದರೂ ಆ ಹೆಸರಿನಿಂದ ಅದನ್ನು ಕರೆದವರನ್ನು ನಾನು ಕಾಣೆ. ‘ಧಕ್ಕೆಯ ಅಮ್ಮನಲ್ಲಿ ಊಟವಾಯಿತು’ ಎಂದರೆ ಸುತ್ತಲಿನವರಿಗೆಲ್ಲ ತಿಳಿಯುತ್ತಿದ್ದಿತು. ಮೂವತ್ತು ವರ್ಷಗಳ ಕಾಲ ನನ್ನ ಮಧ್ಯಾಹ್ನಗಳನ್ನು ಪೋಷಿಸಿದ ಆ ಮನೆಗೆ ನಾನು ಋಣಿಯಾಗಿರುವೆನೆಂಬುದೇ ಈ ವಾರದ ಬರಹಕ್ಕೆ ಸಾಕಾದ ಕಾರಣ.

ಮೊದಲ ಬಾರಿ ಅಲ್ಲಿಗೆ ಹೋದಾಗ ನಾನು ಘಟ್ಟದ ಮೇಲಿನಿಂದ ಹೊಸದಾಗಿ ಬಂದವನು. ಕಡಲ ಮೀನುಗಳಲ್ಲಿ ಹೆಸರು ಗೊತ್ತಿದ್ದುದು ಅಂಜಲ್ ಒಂದೇ ಆದುದರಿಂದ ಅದನ್ನೇ ಕೇಳಿದೆ. ಒಳಗಿನಿಂದ ಅಮ್ಮನ ಧ್ವನಿ ಬಂದಿತು: ‘ಅಂಜಲ್ ಇಜ್ಜಿ, ಬಂಗುಡೆ ಉಂಡು.’ ತುಳುವಿನ ಆ ‘ಉಂಡು’ ನಮ್ಮ ‘ಉಂಟು’ ಎಂಬುದರ ಒಡಹುಟ್ಟು. ಆದರೆ ಕನ್ನಡದ ಕಿವಿಗೆ ಅದು ಊಟವನ್ನು ಮುಗಿಸಿದವನ ಮಾತಾಗಿಯೂ ಕೇಳಿಸುತ್ತದೆ. ಇರುವುದೂ ಉಣ್ಣುವುದೂ ಒಂದೇ ಶಬ್ದದಲ್ಲಿ ಸಂಧಿಸಿದ ಆ ಕ್ಷಣವನ್ನು ನಾನು ಇಂದಿಗೂ ಮರೆತಿಲ್ಲ. ಅದಕ್ಕಿಂತಲೂ ಮರೆಯದಿರುವುದು, ‘ಇಜ್ಜಿ’ ಎಂದಾಗ ಆಕೆಯ ಧ್ವನಿಯಲ್ಲಿ ಕ್ಷಮಾಯಾಚನೆಯ ಲೇಶವೂ ಇರಲಿಲ್ಲವೆಂಬುದು. ಸಮುದ್ರವು ಕೊಡದಿದ್ದುದನ್ನು ತಾನು ಎಲ್ಲಿಂದ ಕೊಡುವುದು ಎಂಬ ಸರಳವಾದ ಸತ್ಯವನ್ನು ಆಕೆ ಹೇಳಿದ್ದಳು, ಅಷ್ಟೆ.

ಆ ಮನೆಯ ಯಜಮಾನರು ನಸುಕಿನಲ್ಲಿಯೇ ಧಕ್ಕೆಗೆ ಹೋಗಿ, ದೋಣಿಗಳಿಂದ ಬುಟ್ಟಿಗಳು ಇಳಿಯುವಾಗಲೇ ನಿಂತು ನೋಡಿ, ಕಿವಿರನ್ನೆತ್ತಿ ಅದರ ಕೆಂಪನ್ನೂ ಬೆರಳಿನಿಂದ ಒತ್ತಿ ಮಾಂಸದ ಬಿಗುವನ್ನೂ ಪರೀಕ್ಷಿಸಿ, ಮನಸ್ಸಿಗೆ ಒಪ್ಪಿದುದನ್ನು ಮಾತ್ರ ಕೊಂಡು ತರುತ್ತಿದ್ದರು. ಅವರು ತಂದುದನ್ನು ನೋಡಿದ ಮೇಲೆಯೇ ಬಾಗಿಲ ಬಳಿಯ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯ ಬರವಣಿಗೆ. ಒಂದು ದಿನ ಕಾಣೆ, ನಂಗ್, ಎಟ್ಟಿ. ಇನ್ನೊಂದು ದಿನ ಬರೀ ಬೂತಾಯಿ. ಹಲಗೆಯನ್ನು ಬರೆಯುತ್ತಿದ್ದವಳು ಸೊಸೆಯಾದರೂ ಬರೆಸುತ್ತಿದ್ದುದು ಕಡಲು.

ಹೀಗೆ ಉಣ್ಣುತ್ತ ಉಣ್ಣುತ್ತ ನನಗೆ ಕಡಲಿನ ಪಂಚಾಂಗವು ಪರಿಚಯವಾಯಿತು. ಬೂತಾಯಿಯನ್ನು ಬೇಸಗೆಯಲ್ಲಿ ತಿಂದವನು ಅದರ ನಿಜವಾದ ರುಚಿಯನ್ನು ಅರಿಯನು. ನೈಋತ್ಯ ಮುಂಗಾರಿನ ಕಾಲದಲ್ಲಿ ನಮ್ಮ ಪಶ್ಚಿಮದ ಕರೆಯುದ್ದಕ್ಕೂ ಆಳದ ತಣ್ಣೀರು, ತನ್ನೊಡನೆ ತಳದ ಲವಣಸಾರವನ್ನು ಹೊತ್ತು ಮೇಲೇರುತ್ತದೆ; ಆ ಸಾರವನ್ನೂ ಮೋಡದ ಮರೆಯಿಂದ ಇಣುಕುವ ಬಿಸಿಲನ್ನೂ ಉಂಡು ಕಣ್ಣಿಗೆ ಕಾಣದ ಸೂಕ್ಷ್ಮಸಸ್ಯಗಳು ನೀರಿನಲ್ಲೆಲ್ಲ ಹಬ್ಬುತ್ತವೆ; ಅವನ್ನು ಮೇಯಲು ದಡದ ಕಡೆಗೆ ಬಂದ ಬೂತಾಯಿಯ ಹಿಂಡುಗಳು ಮಳೆ ಹಿಂದೆಗೆಯುವ ವೇಳೆಗೆ ಮೈತುಂಬ ಎಣ್ಣೆಯನ್ನು ಕೂಡಿಸಿಕೊಂಡಿರುತ್ತವೆ. ನವರಾತ್ರಿ ಕಳೆದ ಮೇಲೆ ಕಾವಲಿಯ ಮೇಲಿಟ್ಟ ಬೂತಾಯಿಯು ತನ್ನ ಎಣ್ಣೆಯಲ್ಲಿಯೇ ಅರ್ಧ ಬೇಯುತ್ತದೆ. ಈ ಕಾರಣಪರಂಪರೆಯನ್ನು ನಾನು ಅನಂತರ ಗ್ರಂಥಗಳಲ್ಲಿ ಓದಿ ತಿಳಿದುಕೊಂಡೆನು. ಅಮ್ಮನು ಅದನ್ನು ‘ಮಳೆ ಕುಡಿದ ಮೀನು’ ಎಂಬ ಮೂರು ಮಾತುಗಳಲ್ಲಿ ಹೇಳುತ್ತಿದ್ದಳು.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲವಷ್ಟೆ. ಆ ಎರಡು ತಿಂಗಳು ಹಲಗೆಯ ಮೇಲೆ ಅಕ್ಷರಗಳು ಕಡಿಮೆಯಾಗುತ್ತಿದ್ದುವು. ಕಡಲು ತುಸು ಶಾಂತವಾದ ದಿನ ನಾಡದೋಣಿಯವರು ತಂದ ಎಟ್ಟಿ, ನೇತ್ರಾವತಿಯ ಅಳಿವೆಯ ಮರುವಾಯಿ, ಅದೂ ಇಲ್ಲದಿದ್ದರೆ ಬೇಸಗೆಯಲ್ಲಿ ಒಣಗಿಸಿಟ್ಟ ನುಂಗೆಲ್ ಮೀನು. ಹೊರಗೆ ಧಾರಾಕಾರವಾಗಿ ಸುರಿಯುವ ಆಷಾಢದ ಮಳೆ, ಒಳಗೆ ಕುಚ್ಚಲಕ್ಕಿಯ ಹಬೆಯಾಡುವ ಅನ್ನ, ಕೆಂಡದ ಮೇಲೆ ಸುಟ್ಟ ಒಣಮೀನಿನ ಚಟ್ನಿ: ಇಷ್ಟನ್ನೇ ಉಂಡೆದ್ದ ದಿನಗಳಲ್ಲಿ ನನಗೆ ಏನೋ ಕೊರತೆಯಾಯಿತೆಂದು ಎಂದೂ ಅನ್ನಿಸಲಿಲ್ಲ.

ಮೀನಿನ ಅಡುಗೆಯು ನಮ್ಮ ನಾಡಿನಲ್ಲಿ ವಿದ್ವತ್ತಿನ ವಿಷಯವಾಗಿದ್ದ ಕಾಲವೂ ಉಂಟು. ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿಗಳನ್ನೂ, ಅವುಗಳಿಗೆ ಒಡ್ಡಬೇಕಾದ ಆಹಾರವನ್ನೂ, ಪಾಕಕ್ರಮವನ್ನೂ ರಾಜೋಚಿತವಾದ ಗಾಂಭೀರ್ಯದಿಂದ ವಿವರಿಸಿದ್ದಾನೆ. ಅಮ್ಮನ ಅಡುಗೆಮನೆಯಲ್ಲಿ ನಿಂತು ನೋಡಿದಾಗಲೆಲ್ಲ ನನಗೆ ಆ ಗಾಂಭೀರ್ಯವೇ ನೆನಪಾಗುತ್ತಿದ್ದಿತು. ಮೆಣಸಿನಕಾಯಿ ಆ ದೊರೆಗೆ ಗೊತ್ತಿರಲಿಲ್ಲ, ಅದು ಪೋರ್ಚುಗೀಸರ ಕಾಲದ್ದು. ಅಮ್ಮನಿಗಾದರೋ ಬಣ್ಣ ಹೆಚ್ಚಾಗಿಯೂ ಖಾರ ಮಿತವಾಗಿಯೂ ಇರುವ ಬ್ಯಾಡಗಿಯ ಮೆಣಸೇ ಆಗಬೇಕು. ಅದನ್ನು ಕೊತ್ತಂಬರಿ, ಮೆಂತ್ಯ, ಓಮಗಳೊಡನೆ ಹುರಿದು, ಹುಣಿಸೆಹಣ್ಣು ಬೆರೆಸಿ, ಕಡೆಯುವ ಕಲ್ಲಿನಲ್ಲಿ ಬೆಣ್ಣೆಯಂತೆ ಅರೆಯುವಳು. ಕಾಣೆಯ ಗಸಿಗಾದರೆ ತೆಂಗಿನಕಾಯಿ ಬೇಕು. ಬಂಗುಡೆಯ ಪುಳಿಮುಂಚಿಗೆ ಕೂಡದು. ಮಸಾಲೆಯು ‘ಬಿಸಲೆ’ ಎಂಬ ಮಣ್ಣಿನ ಪಾತ್ರೆಯಲ್ಲಿ ಚೆನ್ನಾಗಿ ಕುದಿದ ಅನಂತರವೇ ಮೀನನ್ನು ಇಳಿಸುವುದು, ಇಳಿಸಿದ ಮೇಲೆ ಸೌಟು ಹಾಕಕೂಡದು, ಪಾತ್ರೆಯನ್ನೇ ಎರಡು ಕೈಗಳಿಂದ ಹಿಡಿದು ಮೆಲ್ಲನೆ ತಿರುಗಿಸಬೇಕು. ಆ ತಿರುಗಿಸುವಿಕೆಯಲ್ಲಿದ್ದ ಹದವು ಯಾವ ಪಾಕಗ್ರಂಥಕ್ಕೂ ಎಟುಕದು.

ಕಾಲಕ್ರಮದಲ್ಲಿ ಊರಿನಲ್ಲಿ ದೊಡ್ಡ ಉಪಾಹಾರಮಂದಿರಗಳು ಬಂದುವು. ಅವುಗಳ ಪಟ್ಟಿಯಲ್ಲಿ ವರ್ಷದ ಎಲ್ಲ ದಿನಗಳಲ್ಲಿಯೂ ಎಲ್ಲ ಮೀನುಗಳೂ ಇರುತ್ತವೆ. ಇದಕ್ಕೆ ಮಂಜುಗಡ್ಡೆಯನ್ನು ದೂಷಿಸುವವನು ನಾನಲ್ಲ. ಅದಿಲ್ಲದಿದ್ದರೆ ನನ್ನ ಹುಟ್ಟೂರಿನಂಥ ಒಳನಾಡಿನವರಿಗೆ ಕಡಲ ಮೀನಿನ ರುಚಿಯೇ ತಿಳಿಯುತ್ತಿರಲಿಲ್ಲ. ಆದರೆ ‘ಇಜ್ಜಿ’ ಎಂಬ ಮಾತನ್ನು ಕೇಳುವ ತಾಳ್ಮೆಯು ಉಣ್ಣುವವರಲ್ಲಿ ಕ್ಷೀಣಿಸಿತು. ಕರಿಹಲಗೆಯನ್ನು ನೋಡಿ ಹಿಂತಿರುಗಿ ಹೋಗುವವರನ್ನು ಕೊನೆಕೊನೆಯ ವರ್ಷಗಳಲ್ಲಿ ನಾನೇ ಕಂಡೆನು. ಕಡಲೂ ಮೊದಲಿನಂತಿರಲಿಲ್ಲ. ಹತ್ತಾರು ಮಂದಿ ದಡದಲ್ಲಿ ನಿಂತು ಒಟ್ಟಾಗಿ ಎಳೆದು, ಬಂದುದನ್ನು ಪಾಲು ಮಾಡಿಕೊಳ್ಳುತ್ತಿದ್ದ ರಂಪಣಿ ಬಲೆಯು 1970ರ ದಶಕದಲ್ಲಿ ಪರ್ಸೀನ್ ಬಲೆಗಳು ಬಂದ ಮೇಲೆ ಹಿಂದೆ ಸರಿಯಿತೆಂಬುದನ್ನು ಯಜಮಾನರು ನಿಟ್ಟುಸಿರಿನೊಡನೆ ಹೇಳುತ್ತಿದ್ದರು. ಅವರ ತಂದೆ ರಂಪಣಿಯ ಹಗ್ಗವನ್ನು ಹಿಡಿದವರು. ಈಚೆಗಂತೂ ಬೂತಾಯಿಯು ಕೆಲವು ವರ್ಷ ಹೇರಳವಾಗಿಯೂ ಕೆಲವು ವರ್ಷ ಹುಡುಕಿದರೂ ಸಿಕ್ಕದಂತೆಯೂ ಆಗಿ, ಸಿಕ್ಕಿದುದರಲ್ಲಿ ಬಹುಪಾಲು ಮೀನೆಣ್ಣೆಯ, ಮೀನುಹುಡಿಯ ಕಾರ್ಖಾನೆಗಳ ಪಾಲಾಗುತ್ತಿರುವುದನ್ನು ಕರಾವಳಿಯವರೆಲ್ಲ ಬಲ್ಲರು. ಬಡವರ ಮೀನು ಬಡವರ ತಟ್ಟೆಗೆ ಬಾರದೆ ಹೋಗುವುದು ಸಣ್ಣ ಅನ್ಯಾಯವಲ್ಲವೆಂದೇ ನನ್ನ ಭಾವನೆ.

ಮುಚ್ಚಿದುದಕ್ಕೆ ಕಾರಣವನ್ನು ಕೇಳಿದರೆ ಅಮ್ಮನು ಮೊಣಕಾಲನ್ನು ತೋರಿಸಿದಳು. ಯಜಮಾನರು ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಮಗನು ಕೊಲ್ಲಿಯ ದೇಶದಲ್ಲಿ, ಮೊಮ್ಮಕ್ಕಳು ಬೆಂಗಳೂರಿನಲ್ಲಿ. ಸೊಸೆಯೊಬ್ಬಳೇ ಧಕ್ಕೆಗೂ ಹೋಗಿ ಒಲೆಯನ್ನೂ ನೋಡಿಕೊಳ್ಳುವುದು ಸಾಧ್ಯವಿರಲಿಲ್ಲ. ಬೇರೆಯವರು ಕೊಂಡುಕೊಟ್ಟ ಮೀನಿನಿಂದ ಅಡುಗೆ ಮಾಡಬಹುದಲ್ಲ ಎಂದು ನಾನು ಹೇಳಿದೆ. ಆಕೆ ಉತ್ತರ ಕೊಡಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಮೇ 31ರ ಮಧ್ಯಾಹ್ನ, ಯಂತ್ರದ ದೋಣಿಗಳೆಲ್ಲ ಮಳೆಗಾಲದ ವಿರಾಮಕ್ಕೆಂದು ಒಂದೊಂದಾಗಿ ಧಕ್ಕೆಗೆ ಬಂದು ಕಟ್ಟಿಕೊಳ್ಳುತ್ತಿದ್ದಾಗ, ನಾನು ಕೊನೆಯ ಬಾರಿ ಆ ಬೆಂಚಿನ ಮೇಲೆ ಕುಳಿತೆನು. ಹಲಗೆಯ ಮೇಲೆ ಬಂಗುಡೆ ಎಂಬ ಒಂದೇ ಶಬ್ದ. ಹಮಾಲರು, ಬಲೆ ಹೆಣೆಯುವವರು, ಹಳೆಯ ಬಂದರಿನ ಗುಮಾಸ್ತರು, ಎಲ್ಲರೂ ಎಂದಿನಂತೆ ಉಂಡು ಎಂದಿನಂತೆ ಎದ್ದು ಹೋದರು. ಏಳುವಾಗ ಅಮ್ಮನು ಒಂದು ಬುತ್ತಿಡಬ್ಬಿಯನ್ನು ನನ್ನ ಕೈಗಿತ್ತು, ‘ಪುಳಿಮುಂಚಿ. ಇವತ್ತು ಮುಟ್ಟಬೇಡಿ, ನಾಳೆಯ ಗಂಜಿಗೆ ಇರಲಿ’ ಎಂದಳು. ಹುಳಿಯೂ ಉಪ್ಪೂ ಮೀನಿನ ಒಳಗನ್ನು ಸೇರಲು ಒಂದು ರಾತ್ರಿಯಾದರೂ ಬೇಕೆಂಬುದು ಕರಾವಳಿಯ ಮನೆಮನೆಯ ಅನುಭವ.

ಮರುದಿನ ಬೆಳಗ್ಗೆ ಮೊದಲ ಮಳೆಯ ಸದ್ದಿಗೆ ಎಚ್ಚರವಾಯಿತು. ಹೆಂಡತಿಯು ಗಂಜಿಯನ್ನು ಬಡಿಸಿ ಡಬ್ಬಿಯನ್ನು ತೆರೆದಳು. ಸಾರು ಗಟ್ಟಿಯಾಗಿ, ಕೆಂಪು ಇನ್ನಷ್ಟು ಗಾಢವಾಗಿ, ಮುಳ್ಳಿನವರೆಗೂ ಹುಳಿ ಹಿಡಿದು, ಹಿಂದಿನ ದಿನ ಉಂಡುದಕ್ಕಿಂತ ರುಚಿಯಾಗಿದ್ದಿತು. ಆ ಹೊತ್ತಿಗೆ ಅಂಗಡಿ ಮುಚ್ಚಿ ಒಂದು ರಾತ್ರಿ ಕಳೆದಿದ್ದಿತು.