ಗ್ರಹಗಳನ್ನು ಮೈದಾನದಲ್ಲಿ ತೋರಿಸಬೇಕು

ನಮ್ಮ ತರಗತಿಯ ಚಿತ್ರಪಟದಲ್ಲಿ ಎಂಟೂ ಗ್ರಹಗಳು ಸೂರ್ಯನ ಪಕ್ಕದಲ್ಲೇ ಸಾಲಾಗಿ ನಿಂತಿವೆ. ಅದನ್ನು ನೋಡಿ ಮೂರನೇ ತರಗತಿಯ ನನ್ನ ತಂಗಿ, "ಇಷ್ಟು ಹತ್ರ ಇದ್ರೆ ನಾವ್ಯಾಕೆ ಸುಟ್ಟುಹೋಗಲ್ಲ?" ಅಂದಳು. ನನಗೆ ಹೆಸರುಗಳು ಬಾಯಿಪಾಠ ಇದ್ದವು, ಉತ್ತರ ಬರಲಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಸೂರ್ಯ ಫುಟ್‌ಬಾಲ್ ಆದರೆ ಭೂಮಿ ಒಂದು ಸಾಸಿವೆ ಕಾಳು. ಅದನ್ನು ಸುಮಾರು 24 ಮೀಟರ್ ದೂರ ಇಡಬೇಕು. ಗುರು ನೆಲ್ಲಿಕಾಯಿಯಷ್ಟು, 120 ಮೀಟರ್ ದೂರ. ನೆಪ್ಚೂನ್ ಮೈದಾನದಲ್ಲಿ ಹಿಡಿಸೋದೇ ಇಲ್ಲ, 700 ಮೀಟರ್ ಆಚೆ ಕೆರೆ ಏರಿಗೆ ಹೋಗಬೇಕು!

ಚಿತ್ರಪಟ ಬೇಡ ಅಂತ ಅಲ್ಲ. ಚಿಕ್ಕ ಮಕ್ಕಳಿಗೆ ಮೊದಲು ಹೀಗೆ ನಡೆಸಿ ತೋರಿಸಬೇಕು ಎಂಬುದು ನನ್ನ ಅಭಿಪ್ರಾಯ. ಫುಟ್‌ಬಾಲ್ ಶಾಲೆಯಲ್ಲಿದೆ. ಸಾಸಿವೆ, ನೆಲ್ಲಿಕಾಯಿ ನಾನು ತರುತ್ತೇನೆ. ಗೆಳೆಯರೇ, ನೀವೂ ಬರ್ತೀರಾ?