ಮೂಗು ಯಾರದು, ನಾಚಿಕೆ ಯಾರದು?

ಕೆಲವು ತಿಂಗಳ ಹಿಂದೆ ಸಿದ್ದರಬೆಟ್ಟದ ತಪ್ಪಲಿನ ಕಡೆಯ ಕುಟುಂಬವೊಂದು ನನ್ನನ್ನು ಕಾಣಲು ಬಂದಿತ್ತು. ತಂದೆ, ತಾಯಿ, ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದ ಮಗಳು. ಮಾತು ಮಳೆ, ಶೇಂಗಾ, ಹುಣಸೆಹಣ್ಣಿನ ಧಾರಣೆ ಎಲ್ಲವನ್ನೂ ಸುತ್ತಿ ಬಂದ ಮೇಲೆ ತಂದೆ ವಿಷಯಕ್ಕೆ ಬಂದರು. ಮಗಳ ಮೂಗಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಬೇಕು, ಅದಕ್ಕೆ ಸಾಲ ಬೇಕು, ಸಾಲ ಕೊಡುವವರಿಗೆ ನಾನೊಂದು ಮಾತು ಹೇಳಬೇಕು. ಮೂಗಿಗೆ ಏನಾಗಿದೆ ಎಂದು ಕೇಳಿದೆ. "ಏನೂ ಆಗಿಲ್ಲ ಫಾದರ್, ಸ್ವಲ್ಪ ಚಪ್ಪಟೆ. ಎರಡು ಸಂಬಂಧ ಬಂದು ಹೋದವು" ಎಂದರು. ಅಷ್ಟು ಹೊತ್ತೂ ಆ ಹುಡುಗಿ ಕರವಸ್ತ್ರವನ್ನು ಮುಖದಿಂದ ತೆಗೆಯಲಿಲ್ಲ.

ದೇವರು ಕೊಟ್ಟ ರೂಪವನ್ನು ಮನುಷ್ಯ ತಿದ್ದಬಾರದು ಎಂಬ ಸಿದ್ಧ ಉತ್ತರ ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಏಕೆಂದರೆ ಅದು ಸೋಮಾರಿಯ ಉತ್ತರ. ಸೀಳುತುಟಿಯ ಮಗುವಿನ ತುಟಿಯನ್ನು ಹೊಲಿಯುವ ವೈದ್ಯನಿಗೆ ಹಾಗೆ ಹೇಳುವ ಧೈರ್ಯ ನಮಗುಂಟೆ? ಕತ್ತಿಯ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸಿಟ್ಟು ಬೇರೆ ಕಡೆ ಇದೆ. ಅದನ್ನು ಹೇಳುವ ಮೊದಲು ಇನ್ನೊಂದು ಮೂಗಿನ ಕಥೆಯನ್ನು ತಮ್ಮ ಮುಂದಿಡಬೇಕು.

ಮೂರನೆಯ ಮೈಸೂರು ಯುದ್ಧದ ಕಾಲ. ಕಾವಸ್‌ಜೀ ಎಂಬ ಮರಾಠಾ ರೈತ ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಬಂಡಿ ಹೊಡೆಯುತ್ತಿದ್ದ. 1792ರ ಆ ಯುದ್ಧದಲ್ಲಿ ಆತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿ ಬಿಟ್ಟರು. (ಇದನ್ನು ಬರೆದಿಟ್ಟವರು ಶತ್ರುಪಕ್ಷದವರೆಂಬುದನ್ನು ಮರೆಯಬಾರದು. ಈ ಕ್ರೌರ್ಯವನ್ನು ಟಿಪ್ಪುವಿನ ತಲೆಗೆ ಮಾತ್ರ ಕಟ್ಟುವುದೂ ನ್ಯಾಯವಲ್ಲ. ಅವನಿಗಿಂತ ನೂರು ವರ್ಷಕ್ಕೂ ಹಿಂದೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಮೈಸೂರಿಗೂ ಮಧುರೆಯ ತಿರುಮಲ ನಾಯಕನಿಗೂ ನಡೆದ ಕದನಕ್ಕೆ ಮೂಗಿನ ಯುದ್ಧವೆಂದೇ ಹೆಸರು. ಎರಡು ಕಡೆಯವರೂ ಮೂಗುಗಳನ್ನು ಕೊಯ್ದರು.) ಕೊಂದರೆ ಒಬ್ಬನು ಸಾಯುತ್ತಾನೆ. ಮೂಗು ಕೊಯ್ದರೆ ಅವನು ಬದುಕಿರುವವರೆಗೂ ನಾಲ್ಕು ಜನರ ಮುಂದೆ ತಲೆಯೆತ್ತಲಾರ. ಅರಸರಿಗೆ ಬೇಕಾದದ್ದು ಇದೇ.

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎಂದು ನಮ್ಮ ಗಾದೆ. ಕಾವಸ್‌ಜೀಯ ವಿಷಯದಲ್ಲಿ ಗಾದೆ ಸೋತಿತು. ಸುಮಾರು ಹನ್ನೆರಡು ತಿಂಗಳು ಮೂಗಿಲ್ಲದೆ ಇದ್ದ ಆತನಿಗೆ ಪುಣೆಯ ಸಮೀಪ ಒಬ್ಬನು ಹೊಸ ಮೂಗನ್ನು ಕಟ್ಟಿಕೊಟ್ಟನು. ಕಟ್ಟಿದವನು ರಾಜವೈದ್ಯನಲ್ಲ, ಇಟ್ಟಿಗೆ ಮಾಡುವ ಜಾತಿಯವನು. ಅವನ ಹೆಸರನ್ನು ಯಾರೂ ಬರೆದಿಡಲಿಲ್ಲ. ನೋಡುತ್ತಾ ನಿಂತ ಇಬ್ಬರು ಇಂಗ್ಲಿಷ್ ವೈದ್ಯರ ಹೆಸರುಗಳು ಮಾತ್ರ ಅಚ್ಚಾದವು. ನನಗೆ ಇದು ಇಂದಿಗೂ ನೋವಿನ ವಿಷಯ.

ಅವನು ಮಾಡಿದ ಕೆಲಸವನ್ನು ಸ್ವಲ್ಪ ವಿವರವಾಗಿ ಕೇಳಿ. ತೆಳುವಾದ ಮೇಣದ ಹಾಳೆಯನ್ನು ಮೊಂಡು ಮೂಗಿನ ಮೇಲೆ ಒತ್ತಿ ಮೂಗಿನ ಆಕಾರ ತೆಗೆದ. ಆ ಮೇಣವನ್ನು ಬಿಡಿಸಿ ಹಣೆಯ ಮೇಲೆ ಹರಡಿ ಸುತ್ತ ಗೆರೆ ಎಳೆದ. ಗೆರೆಯುದ್ದಕ್ಕೂ ಹಣೆಯ ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಮಾತ್ರ ಒಂದು ಸಣ್ಣ ಪಟ್ಟಿಯನ್ನು ಕತ್ತರಿಸದೆ ಉಳಿಸಿದ. ಆ ಪಟ್ಟಿಯ ಮೂಲಕವೇ ರಕ್ತ ಹರಿದು ಹೊಸ ಚರ್ಮ ಜೀವಂತವಾಗಿರಬೇಕು. ಬಿಡಿಸಿದ ಚರ್ಮವನ್ನು ತಿರುಗಿಸಿ ಕೆಳಗೆ ತಂದು ಮೂಗಿನ ಅಂಚಿಗೆ ಕೂಡಿಸಿದ. ಮೇಲೆ ಕಾಚನ್ನು ನೀರಿನಲ್ಲಿ ಕಲಸಿ ಸವರಿದ ಬಟ್ಟೆಯ ತುಂಡುಗಳು, ನಾಲ್ಕು ದಿನಗಳ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ರೋಗಿ ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆ. ಇಪ್ಪತ್ತೈದನೆಯ ದಿನದ ಹೊತ್ತಿಗೆ ಆ ಪಟ್ಟಿಯನ್ನು ಕತ್ತರಿಸಿ ಮೂಗನ್ನು ಸ್ವತಂತ್ರ ಮಾಡಲಾಯಿತು. ಇದೆಲ್ಲವೂ ಅರಿವಳಿಕೆ ಇಲ್ಲದ ಕಾಲದಲ್ಲಿ.

ಈ ವೃತ್ತಾಂತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜೀನ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಅದೇ ಕ್ರಮವನ್ನು ಲಂಡನ್ನಿನಲ್ಲಿ ಅನುಸರಿಸಿ, 1816ರಲ್ಲಿ ಪುಸ್ತಕ ಬರೆದ. ಅಲ್ಲಿಂದ ಯುರೋಪಿನ ಮೂಗಿನ ಶಸ್ತ್ರಚಿಕಿತ್ಸೆ ಹೊಸದಾಗಿ ಕಣ್ಣು ತೆರೆಯಿತು. ಸುಶ್ರುತ ಸಂಹಿತೆಯಲ್ಲಿ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನ ಎಷ್ಟೋ ಶತಮಾನ ಮೊದಲೇ ಇತ್ತೆಂಬುದು ತಮಗೆ ಗೊತ್ತೇ ಇದೆ. ಹಣೆಯ ಚರ್ಮದ ಆ ವಿಧಾನಕ್ಕೆ ಇಂದಿಗೂ ವೈದ್ಯಲೋಕದಲ್ಲಿ ಭಾರತೀಯ ವಿಧಾನವೆಂದೇ ಹೆಸರು.

ಈಗ ನನ್ನ ಪ್ರಶ್ನೆ. ಕಾವಸ್‌ಜೀಯ ಮೂಗನ್ನು ಶತ್ರು ಕೊಯ್ದ. ನನ್ನ ಮುಂದೆ ಕುಳಿತಿದ್ದ ಆ ಹುಡುಗಿಯ ಮೂಗನ್ನು ಕೊಯ್ದವರು ಯಾರು? ಅವಳ ಮೂಗು ಉಸಿರಾಡುತ್ತದೆ, ಮಲ್ಲಿಗೆಯ ವಾಸನೆ ಹಿಡಿಯುತ್ತದೆ, ನೆಗಡಿಯಾದರೆ ಸೋರುತ್ತದೆ. ಅದಕ್ಕೆ ಯಾವ ಕೊರತೆಯೂ ಇಲ್ಲ. ಆದರೂ ಮೂಗಿಲ್ಲದವನು ಮುಖ ಮುಚ್ಚಿಕೊಳ್ಳುವಂತೆ ಅವಳು ಮುಚ್ಚಿಕೊಂಡಿದ್ದಳು. ಹೆಣ್ಣು ನೋಡಲು ಬಂದವರು ಕೊಯ್ದರು ಎಂದು ತಾವು ಹೇಳಬಹುದು. ನಾನು ಅಷ್ಟಕ್ಕೆ ಒಪ್ಪುವುದಿಲ್ಲ. ಬಂದವರು ಕಾಫಿ ಕುಡಿದು ಎದ್ದು ಹೋದರು. ಅದಕ್ಕೂ ಹತ್ತಿಪ್ಪತ್ತು ವರ್ಷ ಮೊದಲು, ತೊಟ್ಟಿಲಿನ ಮೇಲೆ ಬಗ್ಗಿ, "ಬಣ್ಣ ತಾಯಿಯದು, ಮೂಗು ಮಾತ್ರ ಯಾರದೋ" ಎಂದವರು ಯಾರು? "ಏ ಮೊಂಡೀ" ಎಂದು ಮುದ್ದಿನಿಂದ ಕರೆದವರು ಯಾರು? ತಂಗಿಯ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಿದವರು ಯಾರು? ನಾವೇ ಅಲ್ಲವೇ? ಗುಡಿಯ ಬಾಗಿಲಲ್ಲಿ, ಮದುವೆಯ ಚಪ್ಪರದಲ್ಲಿ, ನಾಮಕರಣದ ಊಟದ ಪಂಕ್ತಿಯಲ್ಲಿ ನಗುನಗುತ್ತಲೇ ಈ ಕೆಲಸ ನಡೆಯುತ್ತದೆ. ಅಂಥ ಮಾತು ಕಿವಿಗೆ ಬಿದ್ದಾಗ ನಾನೂ ಎಷ್ಟೋ ಬಾರಿ ಸುಮ್ಮನೆ ನಕ್ಕಿದ್ದೇನೆ. ಅದನ್ನು ಬಚ್ಚಿಡುವುದಿಲ್ಲ.

ನಾಲಿಗೆ ಕೊಯ್ದ ಮೂಗನ್ನು ಸರಿಪಡಿಸುತ್ತೇವೆಂದು ಹೇಳುವ ಕ್ಲಿನಿಕ್ಕುಗಳ ಫಲಕಗಳು ಈಗ ಬೆಂಗಳೂರಿನ ಬೀದಿಗಳಲ್ಲಿ ಮಾತ್ರವಲ್ಲ, ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲುಗಳಲ್ಲಿಯೂ ಇವೆ. ಎರಡು ಚಿತ್ರಗಳು: ಮೊದಲು, ಆಮೇಲೆ. ನಡುವೆ ನಡೆಯುವುದನ್ನು ಯಾರೂ ತೋರಿಸುವುದಿಲ್ಲ. ಚಪ್ಪಟೆ ಮೂಗನ್ನು ಎತ್ತರಿಸಲು ಮೂಗಿನ ಒಳಗೋಡೆಯಿಂದ, ಕಿವಿಯಿಂದ ಅಥವಾ ಪಕ್ಕೆಲುಬಿನಿಂದ ಮೃದ್ವಸ್ಥಿಯನ್ನು ತೆಗೆಯಬೇಕಾಗಬಹುದು. ಕೆಲವೊಮ್ಮೆ ಮೂಗಿನ ಮೂಳೆಯನ್ನೇ ಒಡೆದು ಕೂಡಿಸಬೇಕು. ಎಚ್ಚರವಾದಾಗ ಬಾಯಲ್ಲಿ ಉಸಿರಾಟ, ಕಣ್ಣಿನ ಸುತ್ತ ನೀಲಿ, ಮೂಗಿನ ಮೇಲೆ ಪಟ್ಟು. ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಒಂದು ವರ್ಷವಾದರೂ ಬೇಕು. ಆ ವರ್ಷವೆಲ್ಲ ಕನ್ನಡಿಯ ಮುಂದೆ ಕಳೆದು, ಕೊನೆಗೆ ಇದಲ್ಲ ನಾನು ಕೇಳಿದ್ದು ಎಂದು ಎರಡನೆಯ ಶಸ್ತ್ರಚಿಕಿತ್ಸೆಗೆ ಹೋಗುವವರೂ ಇದ್ದಾರೆ. ಆಕಾರ ಚೆಂದವಾಗಿ ಉಸಿರು ಕಟ್ಟಿದವರೂ ಇದ್ದಾರೆ. ಕತ್ತಿ ಬೇಡ, ಸೂಜಿ ಸಾಕು ಎಂದು ಮೂಗಿಗೆ ಚುಚ್ಚುವ ಫಿಲ್ಲರ್ ಎಂಬ ದ್ರವ್ಯ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ದೃಷ್ಟಿಯೇ ಹೋಗಬಹುದು.

2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ಇಳಿಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಕಿರುತೆರೆಯ ನಟಿ ಚೇತನಾ ರಾಜ್ ತೀರಿಕೊಂಡದ್ದು ತಮಗೆ ನೆನಪಿರಬಹುದು. ವಯಸ್ಸು 21. ಮನೆಯವರಿಗೆ ತಿಳಿಸದೆ ಹೋಗಿದ್ದಳೆಂದು ಆಗ ವರದಿಯಾಗಿತ್ತು. ಕ್ಲಿನಿಕ್ಕಿನ ತಪ್ಪನ್ನು ವಿಚಾರಿಸುವುದು ಕಾನೂನಿನ ಕೆಲಸ. ಒಂದು ಹೆಣ್ಣುಮಗು ತನ್ನ ದೇಹದ ಬಗೆಗಿನ ಅಳುಕನ್ನು ತನ್ನ ಮನೆಯಲ್ಲಿ ಹೇಳಿಕೊಳ್ಳಲಾರದೆ ಆಸ್ಪತ್ರೆಯ ಮೇಜಿನವರೆಗೆ ಹೋಗುವುದು ಯಾವ ಕಾನೂನಿಗೂ ನಿಲುಕದ ವಿಷಯ. ನಮ್ಮ ಮನೆಗಳಲ್ಲಿ ಅದನ್ನು ಹೇಳಿಕೊಳ್ಳಬಹುದೇ?

ಇನ್ನು ಹಳ್ಳಿಯ ಮಾತು. ಅಲ್ಲಿ ಶಸ್ತ್ರಚಿಕಿತ್ಸೆಗೆ ಹಣವಿಲ್ಲ. ಬಿಳಿಯಾಗಲು ಟ್ಯೂಬು ಇದೆ. ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು 2018ರಲ್ಲಿ ನಿಯಮವಾಯಿತು. ಆದರೂ ತಿಂಗಳುಗಟ್ಟಲೆ ಅದನ್ನೇ ಹಚ್ಚಿ ಚರ್ಮ ತೆಳುವಾಗಿ, ಮೊಡವೆ ಎದ್ದು, ಬಿಸಿಲಿಗೆ ಹೋದರೆ ಮುಖ ಉರಿಯುವ ಹುಡುಗಿಯರನ್ನು ನಾನು ಕಂಡಿದ್ದೇನೆ.

ಇದಕ್ಕಿಂತಲೂ ನನ್ನನ್ನು ಕೆಣಕುವ ಸಂಗತಿ ಇನ್ನೊಂದು. ಆರೋಗ್ಯವಂತ ಮೂಗಿಗೆ ಸಾಲ ಮಾಡಲು ಸಿದ್ಧವಿರುವ ನಾವೇ, ಸೀಳುತುಟಿಯ ಮಗು ಹುಟ್ಟಿದರೆ ತಾಯಿ ಗ್ರಹಣ ನೋಡಿದಳೆಂದು ಪಿಸುಗುಟ್ಟಿ ಮಗುವನ್ನು ಒಳಕೋಣೆಯಲ್ಲಿ ಅಡಗಿಸುತ್ತೇವೆ. ಗ್ರಹಣಕ್ಕೂ ತುಟಿಗೂ ಸಂಬಂಧವಿಲ್ಲ. ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ತುಟಿಯನ್ನೂ, ಸುಮಾರು ಒಂದು ವರ್ಷದ ಹೊತ್ತಿಗೆ ಅಂಗುಳನ್ನೂ ಸರಿಪಡಿಸಬಹುದು. ತಡವಾದರೆ ಮಾತು ಕೆಡುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆ ಉಚಿತ. ಅಂಗನವಾಡಿಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಆಸಿಡ್ ದಾಳಿಗೆ ಒಳಗಾದವರಿಗೆ ಕನಿಷ್ಠ ಮೂರು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿಯೂ, ಖಾಸಗಿ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕೆಂದು 2015ರಲ್ಲಿಯೂ ಹೇಳಿತು. ಅಂಥವರಿಗೆ ಮುಖವನ್ನು ಮರಳಿ ಕಟ್ಟುವ ಕತ್ತಿ ಪವಿತ್ರವಾದದ್ದು ಎನ್ನಲು ನಾನು ಹಿಂಜರಿಯುವುದಿಲ್ಲ. ಕುಷ್ಠರೋಗದಿಂದ ಮೂಗು ಕುಸಿದವರಿಗೂ ಇದೇ ಮಾತು.

ಪಾವಗಡದ ಕಡೆ ಹೋಗಿ ನೋಡಿ. ಕೊಳವೆಬಾವಿಯ ಫ್ಲೋರೈಡಿನಿಂದ ಹಲ್ಲು ಕಂದುಗಟ್ಟಿದ ಮಕ್ಕಳು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಿದ ಫ್ಲೋರೈಡು ಎಳೆಯ ಹಲ್ಲುಗಳನ್ನು ರೂಪುಗೊಳ್ಳುವಾಗಲೇ ಕೆಡಿಸುತ್ತದೆ. ಆ ಕಲೆ ಮಗುವಿನ ತಪ್ಪಲ್ಲ, ಶುದ್ಧ ನೀರು ಕೊಡದ ನಮ್ಮ ವ್ಯವಸ್ಥೆಯದು. ಆದರೆ ನಾಚುವುದು ಮಗು.

ಇಷ್ಟಾದರೂ ಶಸ್ತ್ರಚಿಕಿತ್ಸೆ ಬೇಕೆಂದು ಬೆಳೆದ ಮಕ್ಕಳು ತಾವೇ ನಿರ್ಧರಿಸಿದರೆ ಅವರನ್ನು ಗದರಿಸಬೇಡಿ, ಜೊತೆಗೆ ಹೋಗಿ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಪಡೆದವರೇ, ಅಥವಾ ಮೂಗಿನ ಶಸ್ತ್ರಚಿಕಿತ್ಸೆಯಲ್ಲಿ ತರಬೇತಿಯಿರುವ ಇ.ಎನ್.ಟಿ. ತಜ್ಞರೇ ಎಂದು ಕೇಳಿ. ಸಂಸ್ಥೆಗೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಯಡಿ ನೋಂದಣಿ ಇದೆಯೇ, ಅರಿವಳಿಕೆ ತಜ್ಞರು ಇರುತ್ತಾರೆಯೇ, ಅವಘಡವಾದರೆ ತುರ್ತು ನಿಗಾ ಘಟಕ ಎಲ್ಲಿದೆ ಎಂದೂ ಕೇಳಿ. ಕೇಳಿದರೆ ಸಿಡುಕುವ ಕಡೆಯಿಂದ ಎದ್ದು ಬನ್ನಿ. ಇನ್ನು, ಯಾರಿಗೂ ಕಾಣದ ಕೊರತೆಯನ್ನು ದಿನವಿಡೀ ಕನ್ನಡಿಯಲ್ಲಿ ಹುಡುಕುವ ಮಗು ಇದ್ದರೆ ಅದು ಮನಸ್ಸಿನ ಕಾಯಿಲೆಯಾಗಿರಬಹುದು. ಯಾವ ಕತ್ತಿಯೂ ಅದನ್ನು ಗುಣಪಡಿಸದು. ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು.

ಆ ಕುಟುಂಬದ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಮೂಗಿನ ಮಾತನ್ನು ಮನೆಯಲ್ಲಿ ಮೊದಲು ಎತ್ತಿದವರು ಯಾರು ಎಂದು ಅಂದು ತಂದೆಯನ್ನು ಕೇಳಿದೆ. "ನಮ್ಮ ತಾಯಿ" ಎಂದರು. ಅವರ ಮುಖವನ್ನು ಆಗ ಸರಿಯಾಗಿ ನೋಡಿದೆ. ಮಗಳ ಮೂಗು ಅಚ್ಚು ಒತ್ತಿದಂತೆ ಅವರದೇ. ಅವರಿಗೂ ಅದೇ ಕ್ಷಣ ಹೊಳೆದಿರಬೇಕು. ಕೈ ತಾನಾಗಿ ಮೂಗಿನ ಮೇಲೆ ಹೋಯಿತು. ಹುಡುಗಿ ಕರವಸ್ತ್ರದ ಹಿಂದೆ ಪಕ್ಕನೆ ನಕ್ಕಳು. ಸಾಲದ ಮಾತು ಅಲ್ಲಿಗೆ ನಿಂತಿತು.

ಆಮೇಲೆ ತಿಳಿದದ್ದೇನೆಂದರೆ, ಅವಳಿಗೆ ರಾತ್ರಿ ಒಂದು ಹೊಳ್ಳೆ ಕಟ್ಟಿ ನಿದ್ರೆ ಬರುತ್ತಿರಲಿಲ್ಲವಂತೆ. ಇದನ್ನು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಇ.ಎನ್.ಟಿ. ವೈದ್ಯರು ಮೂಗಿನೊಳಗಿನ ಗೋಡೆ ಬಾಗಿದೆಯೆಂದು ಅಷ್ಟನ್ನು ಮಾತ್ರ ನೇರ ಮಾಡಿದರು. ಹೊರಗಿನ ಆಕಾರ ಒಂದು ಎಳೆಯಷ್ಟೂ ಬದಲಾಗಿಲ್ಲ. ಹೋದ ತಿಂಗಳು ಅಜ್ಜಿ ಸಿಕ್ಕಿದ್ದರು. "ಆಪರೇಷನ್ ಆದ ಮೇಲೆ ಹುಡುಗಿಯ ಮೂಗು ಎಷ್ಟು ಲಕ್ಷಣವಾಗಿದೆ ನೋಡಿದಿರಾ ಫಾದರ್?" ಎಂದರು. ಬಹಳ ಲಕ್ಷಣವಾಗಿದೆ, ನಿಮ್ಮ ಮಗನದೇ ಮೂಗು ಎಂದೆ.