ಎಳೆಯ ಸವಾರರ ಹೊಣೆ ಯಾರದು?

ವೃತ್ತಿಪರ ಸೈಕಲ್ ಸ್ಪರ್ಧೆ ಎಳೆಯರಲ್ಲಿ ಹುಟ್ಟಿಸುವ ಆಸೆಗೂ ಅದು ನಿಜವಾಗಿ ಕೊಡಬಲ್ಲ ಬದುಕಿಗೂ ಇರುವ ಅಂತರವನ್ನು ಅರಿಯಬೇಕಾದರೆ, ಆ ಕ್ರೀಡೆಗೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ. ಫ್ರಾನ್ಸಿನ ಪತ್ರಿಕೆಯೊಂದು ತನ್ನ ಪ್ರಸಾರವನ್ನು ಹೆಚ್ಚಿಸಿಕೊಳ್ಳಲು 1903ರಲ್ಲಿ ಆರಂಭಿಸಿದ ‘ಟೂರ್ ದ ಫ್ರಾನ್ಸ್’ ಇಂದಿಗೂ ಸಾರ್ವಜನಿಕ ರಸ್ತೆಗಳ ಮೇಲೆಯೇ ನಡೆಯುತ್ತದೆ. ರಸ್ತೆಯ ಬದಿಯಲ್ಲಿ ನಿಂತು ನೋಡುವ ಲಕ್ಷಾಂತರ ಜನರು ಟಿಕೆಟ್ ಕೊಳ್ಳುವುದಿಲ್ಲ. ದೂರದರ್ಶನ ಪ್ರಸಾರದ ಹಕ್ಕಿನಿಂದ ಬರುವ ಹಣ ಮುಖ್ಯವಾಗಿ ಸಂಘಟಕರ ಪಾಲಾಗುವುದರಿಂದ, ತಂಡಗಳು ಬದುಕುವುದು ಪ್ರಾಯೋಜಕರು, ಎಂದರೆ ತಮ್ಮ ಹೆಸರನ್ನು ಸವಾರರ ಅಂಗಿಯ ಮೇಲೆ ಮೆರೆಸಲು ಹಣ ಕೊಡುವ ಕಂಪನಿಗಳು, ಕೈ ಹಿಡಿದಿರುವ ತನಕ ಮಾತ್ರ. ಆ ಕಂಪನಿ ಮನಸ್ಸು ಬದಲಿಸಿದ ವರ್ಷ ತಂಡವೇ ಇಲ್ಲವಾಗಬಹುದು. ಮಹಿಳೆಯರ ಉನ್ನತ ದರ್ಜೆಯ ತಂಡಗಳಲ್ಲಿ ಕನಿಷ್ಠ ವೇತನ ಕಡ್ಡಾಯವಾದದ್ದು 2020ರಲ್ಲಿ ಎಂಬ ಒಂದೇ ಸಂಗತಿ, ಈ ವೃತ್ತಿ ಎಷ್ಟು ತಡವಾಗಿ ವೃತ್ತಿಯಾಯಿತು ಎಂಬುದನ್ನು ತಿಳಿಸುತ್ತದೆ.

ಇಂತಹ ಅಸ್ಥಿರ ವೃತ್ತಿಗೆ ಸವಾರರನ್ನು ತಯಾರು ಮಾಡುವ ಖರ್ಚು ಬಹುಮಟ್ಟಿಗೆ ಊರಿನ ಕ್ಲಬ್ಬುಗಳ ಮೇಲೂ ತಂದೆತಾಯಿಗಳ ಮೇಲೂ ಬೀಳುತ್ತದೆ. ಫುಟ್‌ಬಾಲಿನಲ್ಲಿ ಆಟಗಾರನೊಬ್ಬ ದೊಡ್ಡ ಮೊತ್ತಕ್ಕೆ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದಾಗ, 12ರಿಂದ 23ರ ವಯಸ್ಸಿನಲ್ಲಿ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಆ ಮೊತ್ತದ ಶೇ. 5ರಷ್ಟು ಹಂಚಿಕೆಯಾಗಬೇಕೆಂಬ ನಿಯಮವಿದೆ. ಸೈಕಲ್ ಸ್ಪರ್ಧೆಯಲ್ಲಿ ವರ್ಗಾವಣೆಯ ಶುಲ್ಕವೇ ಅಪರೂಪವಾದ್ದರಿಂದ, ಬಿತ್ತಿದವರಿಗೆ ಫಸಲಿನಲ್ಲಿ ಅಂಥ ಪಾಲು ಸಿಗುವುದಿಲ್ಲ. ಇದು ಅನ್ಯಾಯವೇ ಸರಿ; ಅದಕ್ಕಿಂತ ಹೆಚ್ಚಾಗಿ, ಕ್ರೀಡೆ ತನ್ನ ಬುಡವನ್ನೇ ಸವೆಸಿಕೊಳ್ಳುವ ಕ್ರಮ.

ಹಣ ಹರಿಯುವುದು ಆಯ್ಕೆಯ ಕಡೆಗೆ, ಅದೂ ದಿನೇ ದಿನೇ ಇನ್ನಷ್ಟು ಎಳೆಯ ವಯಸ್ಸಿನ ಆಯ್ಕೆಯ ಕಡೆಗೆ. ಹಿಂದೆ 17-18 ವಯಸ್ಸಿನ ಜೂನಿಯರ್ ವಿಭಾಗದಿಂದ 23ರ ಒಳಗಿನವರ ವಿಭಾಗಕ್ಕೆ ಬಂದು, ಅಲ್ಲಿ ಮೂರು ನಾಲ್ಕು ವರ್ಷ ಮಾಗಿದ ಮೇಲೆಯೇ ಸವಾರರು ವೃತ್ತಿಗೆ ಸೇರುವುದು ವಾಡಿಕೆಯಾಗಿತ್ತು. 2018ರಲ್ಲಿ ಜೂನಿಯರ್ ವಿಶ್ವಚಾಂಪಿಯನ್ ಆದ ಬೆಲ್ಜಿಯಂನ ರೆಮ್ಕೊ ಎವನೆಪೋಲ್ ಮರುವರ್ಷವೇ ನೇರವಾಗಿ ಅತ್ಯುನ್ನತ ದರ್ಜೆಯ ತಂಡ ಸೇರಿ ಗೆಲ್ಲತೊಡಗಿದ ಮೇಲೆ, ಎಲ್ಲ ತಂಡಗಳೂ ಮತ್ತೊಬ್ಬ ಎವನೆಪೋಲ್‌ನನ್ನು ಶಾಲಾಬಾಲಕರ ನಡುವೆ ಹುಡುಕಲು ಹೊರಟವು. ಎಳೆಯ ಮೊಣಕಾಲುಗಳ ಮೇಲೆ ಅತಿಭಾರ ಬೀಳದಿರಲೆಂದು, ಪೆಡಲಿನ ಒಂದು ಸುತ್ತಿಗೆ ಸೈಕಲ್ 7.93 ಮೀಟರಿಗಿಂತ ಮುಂದೆ ಸಾಗದಂತೆ ಜೂನಿಯರ್ ಸವಾರರ ಗೇರಿಗೆ ಇದ್ದ ಮಿತಿಯನ್ನೂ 2023ರಲ್ಲಿ ತೆಗೆಯಲಾಯಿತು. ಆದರೆ ಎವನೆಪೋಲ್‌ನ ಉದಾಹರಣೆ ಹೇಳುವುದು ತಂಡಗಳು ಅದರಿಂದ ಕಲಿತ ಪಾಠಕ್ಕೆ ತದ್ವಿರುದ್ಧವಾದುದನ್ನು: ಆತ 2017ರವರೆಗೆ ಫುಟ್‌ಬಾಲ್ ಆಡುತ್ತಿದ್ದವನು, ಬಾಲ್ಯದಿಂದ ಸೈಕಲ್ಲಿಗೆಂದೇ ಆರಿಸಿ ತಿದ್ದಿದವನಲ್ಲ. ಸ್ಲೊವೇನಿಯಾದ ಪ್ರಿಮೋಜ್ ರೋಗ್ಲಿಚ್ ಇಪ್ಪತ್ತು ದಾಟುವವರೆಗೆ ಹಿಮದ ಇಳಿಜಾರಿನಿಂದ ಗಾಳಿಗೆ ಜಿಗಿಯುವ ಸ್ಕೀ ಕ್ರೀಡಾಪಟುವಾಗಿದ್ದು, ಆಮೇಲೆ ಸೈಕಲ್ ಹತ್ತಿ, ಸ್ಪೇನಿನ ‘ವುವೆಲ್ಟಾ’ವನ್ನು ನಾಲ್ಕು ಬಾರಿ ಗೆದ್ದರು. ಹದಿನಾರರಲ್ಲಿ ಅಳೆದು ತೂಗಿ ಹೊರಗಿಡುವ ವ್ಯವಸ್ಥೆಗೆ ಅವರು ಸಿಕ್ಕುತ್ತಲೇ ಇರಲಿಲ್ಲ.

ಹಾಗಾದರೆ ಬೆಂಬಲ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಎರಿಟ್ರಿಯಾ ಒಳ್ಳೆಯ ಉತ್ತರ ಕೊಡುತ್ತದೆ. ಇಟಲಿಯ ಆಳ್ವಿಕೆಯ ಕಾಲದಲ್ಲಿ ಆ ಬಡ ದೇಶಕ್ಕೆ ಬಂದ ಸೈಕಲ್ ಸ್ಪರ್ಧೆ ಆಮೇಲೆ ಜನರ ಸ್ವಂತ ಹಬ್ಬವಾಯಿತು. ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿರುವ ಅಸ್ಮಾರಾ ನಗರದ ಬೀದಿಗಳಲ್ಲಿ ರೇಸುಗಳು ನಡೆಯುತ್ತಲೇ ಇದ್ದವು. ಅಲ್ಲಿ 2000ದಲ್ಲಿ ಹುಟ್ಟಿದ ಬಿನಿಯಮ್ ಗಿರ್ಮೇ, ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸ್ವಿಟ್ಜರ್‌ಲ್ಯಾಂಡಿನ ಏಗ್ಲ್‌ನಲ್ಲಿ ನಡೆಸುವ ತರಬೇತಿ ಕೇಂದ್ರದಲ್ಲಿ ಪಳಗಿ, ಮೊದಲು ಸೇರಿದ ವೃತ್ತಿತಂಡ ಹಣದ ಮುಗ್ಗಟ್ಟಿಗೆ ಸಿಲುಕಿದಾಗ 2021ರಲ್ಲಿ ಬೆಲ್ಜಿಯಂನ ತಂಡವೊಂದಕ್ಕೆ ಬಂದು, 2024ರ ಟೂರ್‌ನಲ್ಲಿ ಮೂರು ಹಂತಗಳನ್ನೂ, ಅಂಕಗಳಲ್ಲಿ ಮೊದಲಿಗನಾದವನಿಗೆ ಸಲ್ಲುವ ಹಸಿರು ಅಂಗಿಯನ್ನೂ ಗೆದ್ದರು. ಏಗ್ಲ್ ಇಲ್ಲದಿದ್ದರೆ ಗಿರ್ಮೇಗೆ ಯೂರೋಪಿನ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ, ನಿಜ; ಆದರೆ ಅಸ್ಮಾರಾದ ರೇಸುಗಳು ಇಲ್ಲದಿದ್ದರೆ ಏಗ್ಲ್‌ಗೆ ಕರೆಯಿಸಿಕೊಳ್ಳಲು ಗಿರ್ಮೇಯೇ ಇರುತ್ತಿರಲಿಲ್ಲ.

ವಿಜಯಪುರ, ಬಾಗಲಕೋಟೆಗಳ ಬಯಲು ರಸ್ತೆಗಳು ದಶಕಗಳಿಂದ ರಾಷ್ಟ್ರಮಟ್ಟದ ಸವಾರರನ್ನು ಕೊಟ್ಟಿರುವುದರಿಂದ ಈ ಪ್ರಶ್ನೆ ಕರ್ನಾಟಕದ್ದೂ ಹೌದು. ಇಲ್ಲಿನ ರೈತರ ಮಕ್ಕಳಿಗೆ ಸೈಕಲ್ಲಿನಿಂದ ದಕ್ಕಬಹುದಾದ ಜೀವನಾಧಾರವೆಂದರೆ ಯೂರೋಪಿನ ತಂಡವಲ್ಲ, ಕ್ರೀಡಾ ಕೋಟಾದಲ್ಲಿ ಸಿಗುವ ರೈಲ್ವೆಯ ಅಥವಾ ಸೇನೆಯ ನೌಕರಿ. ಇದನ್ನು ಸಣ್ಣ ಗುರಿಯೆಂದು ಹಳಿಯುವವರಿದ್ದಾರೆ. ಆದರೆ ಕಾಲಿನ ಬಲ ಕುಗ್ಗಿದ ಮೇಲೂ ಸಂಬಳ ನಿಲ್ಲದ ಈ ಏರ್ಪಾಡು, ಯೂರೋಪಿನ ವೃತ್ತಿತಂಡಗಳು ತಮ್ಮ ಸವಾರರಿಗೆ ಕೊಡಲಾರದ ಭದ್ರತೆಯನ್ನು ಕೊಡುತ್ತದೆ. ತೊಡಕಿರುವುದು ಬೇರೆಡೆ: ನೌಕರಿ ಬರುವುದು ಪದಕದ ನಂತರ, ಖರ್ಚು ಬರುವುದು ಅದಕ್ಕೂ ಮೊದಲು. ಸ್ಪರ್ಧೆಗೆ ತಕ್ಕ ಕಾರ್ಬನ್ ಸೈಕಲ್ಲಿನ ಬೆಲೆ ಲಕ್ಷಗಳಲ್ಲಿದ್ದು, ಟೈರು, ಚೈನು, ಪ್ರಯಾಣ, ಹೊಟ್ಟೆತುಂಬ ಪೌಷ್ಟಿಕ ಊಟ ಎಲ್ಲವೂ ಮನೆಯವರ ಸಾಲವಾಗುವುದುಂಟು. ಗೆದ್ದು ಬಂದವರಿಗೆ ಸನ್ಮಾನದ ವೇದಿಕೆಯಲ್ಲಿ ಕೊಡುವ ಚೆಕ್ಕಿಗಿಂತ, ಹಲವು ಮಕ್ಕಳು ಸರದಿಯಲ್ಲಿ ಬಳಸಬಹುದಾದ ಹತ್ತು ಒಳ್ಳೆಯ ಸೈಕಲ್ಲುಗಳು, ತಿಂಗಳಿಗೊಂದಾದರೂ ಜಿಲ್ಲಾಮಟ್ಟದ ರೇಸು, ತರಬೇತುದಾರರಿಗೆ ತಪ್ಪದ ಸಂಬಳ, ಮತ್ತು ಓದು ಮುಗಿದು ನೌಕರಿ ಸಿಗುವವರೆಗಿನ ನಾಲ್ಕೈದು ವರ್ಷಗಳಿಗೆ ಮಾಸಿಕ ವೇತನ ಹೆಚ್ಚು ಜನರನ್ನು ಸೈಕಲ್ ಮೇಲೆ ಉಳಿಸುತ್ತವೆ.